ನಿಂತಲ್ಲೇ ಸವೆದ ಇಂಜಿನ್

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾರು ಮಾರಲು ಹೊರಟಾಗ ಅದು ಓಡಿದ್ದು ತೀರಾ ಕಡಿಮೆ ಎಂದು ಮೀಟರ್ ತೋರಿಸುತ್ತಿತ್ತು. ಕೊಳ್ಳಲು ಒಪ್ಪಿದವರು ಅಪ್ಪನ ವಾಕಿಂಗ್ ಸ್ನೇಹಿತರು, ಹನುಮಂತನಗರದವರು. ಹೊಗೆ ಜಾಸ್ತಿ ಬರುತ್ತಿದೆಯೆಂದು ಬನಶಂಕರಿಯಲ್ಲಿ ತಮಗೆ ಗೊತ್ತಿದ್ದ ಗ್ಯಾರೇಜಿಗೆ ತರಿಸಿದರು. ಅಪ್ಪನ ಜೊತೆ ನಾನೂ ಹೋದೆ. ಅಪ್ಪ ಯಾರೊಂದಿಗೂ ಜಗಳವಾಡುವವರಲ್ಲ. ಮನೆಯಲ್ಲಿ ಆ ಖಾತೆ ಮಗಳಾದ ನನ್ನದು.

ಮೆಕ್ಯಾನಿಕ್ ಇಂಜಿನ್ ಬಿಚ್ಚಿ, ಸಿಲಿಂಡರುಗಳನ್ನು ಒರೆಸಿ, ಗಡಿಯಾರದಂಥ ಮುಖವಿದ್ದ ಅಳತೆಯ ಗೇಜನ್ನು ಒಂದೊಂದರೊಳಗೂ ಇಳಿಸಿದ. ತಳದಲ್ಲಿ ಸುಮ್ಮನಿದ್ದ ಮುಳ್ಳು, ಗೇಜು ಸಿಲಿಂಡರಿನ ಮೇಲ್ಭಾಗಕ್ಕೆ ಬಂದಾಗ ಸರ್ರನೆ ಹೊರಳಿತು. ಅಡ್ಡ ತಿರುಗಿಸಿ ಮತ್ತೆ ನೋಡಿದ. ಪಿಸ್ಟನ್ನುಗಳನ್ನೂ ಅಳೆದ. ಆಮೇಲೆ ಅಪ್ಪನ ಕಡೆ ನೋಡದೆ, ಸ್ನೇಹಿತರಿಗೆ ಹೇಳಿದ:

"ಸಾರ್, ಇಷ್ಟು ಸವೆದಿದೆ ಅಂದ್ರೆ ಲಕ್ಷ ಕಿಲೋಮೀಟರ್ ಮೇಲೇ ಓಡಿರತ್ತೆ. ಮೀಟರ್ ಯಾರೋ ತಿರುಗಿಸಿದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನನ್ನು ಎದುರಿಗೇ ಮೋಸಗಾರ ಎಂದ ಹಾಗಾಯಿತು. ಸ್ನೇಹಿತರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಇನ್ನೂ ಕೆಟ್ಟದಾಗಿತ್ತು.

ಸವೆತದ ಕಾರಣ ನನಗೆ ಗೊತ್ತಿತ್ತು. ನನ್ನ ತಮ್ಮನಿಗೆ ಮಾತು ಬರುತ್ತಿರಲಿಲ್ಲ. ಸಂಜೆಯಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಒಮ್ಮೆ ಕಾರು ಸ್ಟಾರ್ಟ್ ಆದಾಗ ಅದರ ನಡುಕ ಮೈಗೆ ತಾಗಿ ತೆಪ್ಪಗಾದ. ಹೊರಟರೆ ಮಾತ್ರ ಮತ್ತೆ ಕಿರುಚಾಟ. ಅಂದಿನಿಂದ ಜಯನಗರದ ನಮ್ಮ ಕಾಂಪೌಂಡಿನಲ್ಲಿ ಕಾರು ಪ್ರತಿ ಸಂಜೆ ಗಂಟೆಗಟ್ಟಲೆ ನಿಂತಲ್ಲೇ ಗುರುಗುಟ್ಟುತ್ತಿತ್ತು. ಒಳಗೆ ಅಪ್ಪ, ಪಕ್ಕದಲ್ಲಿ ಅವನು. ಕೇಳಿದವರಿಗೆ ಅಪ್ಪ, "ಬ್ಯಾಟರಿ ಕೂತ್ಕೋಬಾರ್ದಲ್ಲ" ಎನ್ನುತ್ತಿದ್ದರು. ಮಗನ ಸಂಗತಿಯನ್ನು ಅವರು ಗೇಟಿನಾಚೆ ಒಯ್ದವರೇ ಅಲ್ಲ, ತಮ್ಮ ತೀರಿಕೊಂಡ ಮೇಲೂ. ಆ ಬಿಗುಮಾನ ಕಂಡರೆ ನನಗಾಗುತ್ತಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಕೈ ಒತ್ತಿದರು.

"ಮೀಟರ್ ಸರಿಯಾಗೇ ಇದೆ," ಎಂದರು. "ನನ್ನ ಮಗ ಇದ್ರಲ್ಲಿ ಕೂತಿರ್ತಿದ್ದ. ಇಂಜಿನ್ ಆನ್ ಇದ್ರೆ ಮಾತ್ರ ಅವನಿಗೆ ನೆಮ್ಮದಿ. ಗಾಡಿ ಎಲ್ಲೂ ಹೋಗ್ಲಿಲ್ಲ. ಇಂಜಿನ್ ಓಡ್ತಾನೇ ಇತ್ತು."

"ನಿಮಗೆ ಮಗ ಇದ್ನಾ?" ಎಂದರು ಸ್ನೇಹಿತರು. ವರ್ಷಗಳಿಂದ ದಿನಾ ಬೆಳಿಗ್ಗೆ ಅಪ್ಪನ ಜೊತೆ ನಡೆದವರು.

"ಇದ್ದ."

ಮೆಕ್ಯಾನಿಕ್ ತಲೆ ತಗ್ಗಿಸಿದ. ಸಮಾಧಾನ ಮಾಡುವವನಂತೆ, "ರೀಬೋರ್ ಮಾಡಿ, ಸಿಲಿಂಡರ್ ಗೋಡೆ ಕೆರೆದು ದೊಡ್ಡ ಪಿಸ್ಟನ್ ಹಾಕಿದ್ರೆ ಈ ಸವೆತ ಒಂಚೂರೂ ಉಳಿಯಲ್ಲ ಸಾರ್. ಹೊಸದರ ಹಾಗೇ ಆಗತ್ತೆ," ಎಂದ.

ಅಪ್ಪ ಬಗ್ಗಿ ಮೊದಲ ಸಿಲಿಂಡರಿನೊಳಗೆ ಬೆರಳಿಟ್ಟರು. ಪಿಸ್ಟನ್ ತಲುಪದ ಅಂಚು ಮೇಲ್ಗಡೆ ಸಣ್ಣಗೆ ಎದ್ದಿತ್ತು. ಅದರ ಕೆಳಗಿನದೆಲ್ಲ ಸವೆದಿತ್ತು. ಅಲ್ಲಿ ಸುತ್ತ ಬೆರಳಾಡಿಸಿದರು. ಎರಡನೆಯದರಲ್ಲೂ ಹಾಗೆಯೇ, ಮೂರನೆಯದರಲ್ಲೂ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವರ ಭುಜ ಅಲುಗುತ್ತಿತ್ತು. ತಮ್ಮನನ್ನು ಮಣ್ಣು ಮಾಡಿದ ದಿನವೂ ಅಳದ ಮನುಷ್ಯ.

"ಮಾರೋದೇ ಬೇಡ ಬಿಡಿ, ಹಾಗೇ ಇಟ್ಕೊಳ್ಳಿ," ಎಂದರು ಸ್ನೇಹಿತರು.

ಅಪ್ಪ ಮಸಿಯಾದ ಬೆರಳನ್ನು ಕರ್ಚೀಫಿನಲ್ಲಿ ಒರೆಸಿಕೊಂಡರು.

"ಬೇಡ. ಹೊಗೆ ಬರತ್ತೆ. ರೀಬೋರ್ ಮಾಡ್ಸಿ," ಎಂದರು.