ಸ್ವಿಚ್ ಮೇಲೊಂದು ಟವೆಲ್

ಗೆಳೆಯರೇ, ಇದನ್ನು ರೈಲಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ತಪ್ಪು ನನ್ನದೇ.

ಇವತ್ತು ಮಧ್ಯಾಹ್ನ ಕುಪವಾಡದ ಒಂದು ಕಾರ್ಖಾನೆಯಲ್ಲಿ ಅರ್ಧ ಕಂಪ್ಯೂಟರುಗಳ ನೆಟ್‌ವರ್ಕ್ ನಿಂತುಹೋಯಿತು. ಮಿರಜದ ನನ್ನ ಆಫೀಸಿನಿಂದಲೇ ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್ ಪೆಟ್ಟಿಗೆಗೆ ಲಾಗಿನ್ ಆಗಿ ಸರಿಮಾಡೋಣವೆಂದರೆ ಅದು ಒಳಗೇ ಬಿಡಲಿಲ್ಲ. ಒಮ್ಮೆಗೆ ಐದು ಲಾಗಿನ್‌ಗಳಿಗೆ, ಅಂದರೆ ಐದು ಸೆಷನ್‌ಗಳಿಗಷ್ಟೇ ಜಾಗ, ಐದೂ ಭರ್ತಿ! ಬೈಕ್ ಹತ್ತಿ ಓಡಿದೆ. ಸ್ವಿಚ್‌ಗೇ ನೇರವಾಗಿ ಕೇಬಲ್ ಚುಚ್ಚಿ ನೋಡಿದರೆ, ಐದೂ ಅಲ್ಲಿನ ಸೂಪರ್‌ವೈಸರ್ ಮಗದುಮ್ ಕಾಕಾ ತೆರೆದಿಟ್ಟವು. ಬೆಳಗಿನಿಂದ ಒಂದರಲ್ಲೂ ಒಂದಕ್ಷರ ಒತ್ತಿಲ್ಲ.

“ಐದ್ಯಾಕ್ರಿ ಕಾಕಾ?”

“ಒಮ್ಮೆ ಹೊರಗ ಬಂದ್ರ ಮತ್ತ ಜಾಗಾ ಸಿಗತೈತೋ ಇಲ್ಲೋ ಅಂತ ಹಿಡದ ಇಟ್ಟೇನ್ರಿ. ರೈಲನ್ಯಾಗ ಟವೆಲ್ ಹಾಕೂದಿಲ್ಲೇನು, ಹಂಗ.”

“ಇದು ಮಿರಜ ಸ್ಟೇಷನ್ ಅಲ್ರಿ! ಕುಂತು ಕೆಲಸಾ ಮಾಡವ್ರದ್ದು ಜಾಗಾ, ಟವೆಲ್ಲಿಂದಲ್ಲ” ಎಂದು ಭಾಷಣ ಬಿಗಿದು ಐದನ್ನೂ ಕಿತ್ತೊಗೆದೆ. ಹತ್ತು ನಿಮಿಷ ಯಾರೂ ಏನೂ ಒತ್ತದಿದ್ದರೆ ಸೆಷನ್ ತಾನಾಗಿ ಮುಚ್ಚಿಹೋಗಲಿ ಎಂದು ಕಮಾಂಡ್ ಕೊಟ್ಟು ಸೇವ್ ಮಾಡಿದೆ. ಆಮೇಲೆ ನಿಂತಿದ್ದ ನೆಟ್‌ವರ್ಕನ್ನೂ ಸರಿಮಾಡಿದೆ. ಹತ್ತು ನಿಮಿಷದ ಹೊಸ ನಿಯಮವನ್ನು ಕಾಕಾಗೂ ಹೇಳಿ ಹೊರಟೆ.

ಸಂಜೆ ಮಿರಜದಲ್ಲಿ ಕುಡಚಿ ಕಡೆಯ ಪ್ಯಾಸೆಂಜರ್ ಹತ್ತಿ, ಕಿಟಕಿ ಸೀಟಿಗೆ ಟವೆಲ್ ಹಾಕಿ, ಚಹಾ ಕುಡಿಯಲು ಇಳಿದೆ. ವಾಪಸ್ ಬಂದಾಗ ನನ್ನ ಸೀಟಿನಲ್ಲಿ ಮಗದುಮ್ ಕಾಕಾ ಕಾಲು ಚಾಚಿ ಕುಳಿತಿದ್ದರು. ಟವೆಲ್ಲನ್ನು ಚೆಂದಾಗಿ ಮಡಚಿ ನನ್ನ ಕೈಗಿಟ್ಟರು.

“ಹತ್ತು ನಿಮಿಷ ಆತ್ರಿ ಸಾಹೇಬ್ರ.”