ಗೇಟಿನಾಚೆ ಗೌರತ್ತೆಯ ಥಾಯ್ ಊಟ

ಇವತ್ತು ಬೆಳಿಗ್ಗೆ ಯಲಹಂಕದ ನಮ್ಮ ಬೀದಿಗೆ ಬಂದ ಸೊಪ್ಪಿನ ಗಾಡಿಯಲ್ಲಿ ಕೊತ್ತಂಬರಿ, ಮೆಂತ್ಯದ ಕಟ್ಟುಗಳ ಪಕ್ಕ ಮಜ್ಜಿಗೆ ಹುಲ್ಲಿನ, ಅಂದರೆ ಲೆಮನ್‌ಗ್ರಾಸಿನ, ಒಂದು ಹೊರೆ ಇತ್ತು. ನಾನು ಕೊಳ್ಳಲು ಹೋದದ್ದು ಸಬ್ಬಸಿಗೆ. ಆದರೆ ಕೈ ಸುಮ್ಮನಿರಬೇಕಲ್ಲ, ಒಂದು ಗರಿ ಮುರಿದು ಮೂಗಿನ ಹತ್ತಿರ ಹಿಡಿದೆ. ಗಾಡಿಯವನು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ಅಳೆದು, "ತಗೊಳಿ ಮೇಡಂ, ಟೀಗೆ ಹಾಕ್ಕೊಂಡು ಕುಡಿದ್ರೆ ತೂಕ ಇಳಿಯುತ್ತೆ" ಎಂದ. ಬೇರೆ ದಿನವಾಗಿದ್ದರೆ ಅವನ ಜೊತೆ ಒಂದು ಜಗಳ ಆಗುತ್ತಿತ್ತು. ಇವತ್ತು ಸುಮ್ಮನೆ ಎರಡು ಕಟ್ಟು ತೆಗೆದುಕೊಂಡು ಮನೆಗೆ ಬಂದೆ. ಸಬ್ಬಸಿಗೆ ಅಲ್ಲೇ ಉಳಿಯಿತು.

ಆ ವಾಸನೆ ನಿಮಗೆ ಗೊತ್ತಿರಬಹುದು. ನಿಂಬೆಹಣ್ಣಿನದೂ ಅಲ್ಲ, ಹಸಿ ಹುಲ್ಲಿನದೂ ಅಲ್ಲ. ಕೆಲವರಿಗೆ ಅದು ಸೊಳ್ಳೆ ಓಡಿಸುವ ಎಣ್ಣೆಯ ನೆನಪು ತರುತ್ತದಂತೆ. ನನಗೆ ನೆನಪಾಗುವುದು ಅಬ್ಬಿಗೆರೆಯಲ್ಲಿ ನಮ್ಮಪ್ಪ ಕಟ್ಟಿಸಿದ ಮನೆಯ ಮೇಲಿನ ಮಹಡಿ, ಅಲ್ಲಿನ ಪುಟ್ಟ ಅಡುಗೆಮನೆ, ಅದರೊಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒರಳಿನ ಮುಂದೆ ಕೂತ ಗೌರತ್ತೆ.

ಗೌರತ್ತೆ ಅಪ್ಪನ ತಂಗಿ. ಮದುವೆಯಾಗಿ ಮೂರು ವರ್ಷಕ್ಕೇ ಗಂಡನನ್ನು ಕಳೆದುಕೊಂಡವರು. ಗಂಡನ ಮನೆಯವರು ಅವರನ್ನು ಮೂಲೆಗೆ ತಳ್ಳಲು ನೋಡಿದಾಗ ಅಪ್ಪ ಹೋಗಿ ಗಲಾಟೆ ಮಾಡಿ ತಂಗಿಯನ್ನು ಕರೆತಂದರು. ಗಂಡ ಕೆಲಸ ಮಾಡುತ್ತಿದ್ದ ಜಾಲಹಳ್ಳಿಯ ಕಾರ್ಖಾನೆಯಲ್ಲೇ ಅತ್ತೆಗೆ ಕೆಲಸ ಸಿಗುವಂತೆ ಓಡಾಡಿದರು. ಹೊಲ ಹೋಗಿ ಸೈಟಾಗಿ, ಸೈಟಿನ ಮೇಲೆ ಮನೆ ಎದ್ದಾಗ ಮಹಡಿಯನ್ನು ಅತ್ತೆಗೆಂದೇ ಬಿಟ್ಟುಕೊಟ್ಟರು. ಅಪ್ಪ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತಾವು ಮಾಡಿದ ಉಪಕಾರವನ್ನು ಅವರು ಮರೆತಿರಲಿಲ್ಲ, ಮರೆಯಲು ಅತ್ತೆಗೂ ಬಿಟ್ಟಿರಲಿಲ್ಲ.

ರಿಟೈರ್ ಆದ ವರ್ಷ ಅತ್ತೆ ಹಳೆಯ ಸಹೋದ್ಯೋಗಿಗಳ ಜೊತೆ ಬ್ಯಾಂಕಾಕ್ ಪ್ರವಾಸಕ್ಕೆ ಹೊರಟರು. ಅಪ್ಪ ಬೇಡವೆನ್ನಲಿಲ್ಲ. ಗುಂಪಿನಲ್ಲಿ ಹೆಂಗಸರೇ ಹೆಚ್ಚು, ಜೊತೆಗೆ ನಮ್ಮೂರಿನ ಅಡುಗೆಯವರೂ ಬರುತ್ತಾರೆ ಎಂದು ಕೇಳಿ ಸಮಾಧಾನಪಟ್ಟರು. ಆ ಅಡುಗೆಯವರೇ ಮುಂದಿನದಕ್ಕೆಲ್ಲ ಕಾರಣರಾದರೆನ್ನಿ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಬಿಸಿಬೇಳೆ ಬಾತು, ರಾತ್ರಿ ಅನ್ನ ಸಾರು. ಮೂರನೆಯ ದಿನ ಅತ್ತೆಗೆ ರೇಗಿತು. "ವಿಮಾನ ಹತ್ತಿ ಬಂದಿರೋದು ಉಪ್ಪಿಟ್ಟು ತಿನ್ನಕ್ಕಾ?" ಎಂದು ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಯಾರಿಗೂ ಅಲ್ಲದಂತೆ ಕೇಳಿದರಂತೆ. ಹಿಂದಿನಿಂದ ಒಂದು ಗಂಡು ಧ್ವನಿ, "ಬನ್ನಿ ಗೌರಮ್ಮ, ನಂಗೂ ಸಾಕಾಗಿದೆ" ಎಂದಿತು.

ಅದು ಸೆಲ್ವರಾಜ್. ಅದೇ ಕಾರ್ಖಾನೆಯವರು, ಹುಟ್ಟಿ ಬೆಳೆದದ್ದೆಲ್ಲ ಯಶವಂತಪುರ, ಮನೆಮಾತು ತಮಿಳು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಾರ್ಖಾನೆಯ ಬಸ್ಸಿನಲ್ಲಿ ಅತ್ತೆಯ ಹಿಂದಿನ ಸೀಟಿನಲ್ಲಿ ಕೂತು ವರ್ಷಗಟ್ಟಲೆ ಓಡಾಡಿದವರು. ಅಷ್ಟು ವರ್ಷಗಳಲ್ಲಿ ಇಬ್ಬರ ನಡುವೆ ನಡೆದ ಮಾತು ಹೆಚ್ಚಾಗಿ ಕಿಟಕಿ ಮುಚ್ಚುವುದು, ತೆಗೆಯುವುದರ ಬಗ್ಗೆ.

ಇಬ್ಬರೂ ಗುಂಪು ಬಿಟ್ಟು ಒಂದು ಕಾಲುವೆಯ ದಂಡೆಯ ಮನೆಗೆ ಹೋದರು. ಆ ಮನೆಯ ಹೆಂಗಸು ಪ್ರವಾಸಿಗರಿಗೆ ಮನೆಯಡುಗೆ ಹೇಳಿಕೊಡುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ನಾಲ್ಕು ಇಂಗ್ಲಿಷ್ ಮಾತು, ಇವರಿಗೆ ಇನ್ನೊಂದೆರಡು ಹೆಚ್ಚು. ಇವರನ್ನು ಗಂಡ ಹೆಂಡತಿ ಎಂದುಕೊಂಡು ಇಬ್ಬರಿಗೂ ಸೇರಿ ಒಂದೇ ಒರಳು ಕೊಟ್ಟಳು. "ನಾವು ತಿದ್ಬಹುದಿತ್ತು" ಎಂದು ಅತ್ತೆ ನನಗೆ ಆಮೇಲೆ ಹೇಳಿದರು. "ತಿದ್ದಲಿಲ್ಲ ಕಣೇ. ಅವರೂ ತಿದ್ದಲಿಲ್ಲ."

ಊರಿಗೆ ಬಂದ ಮೇಲೆ ಅತ್ತೆಯ ಫೋನು ಕೂಗುವುದು ಹೆಚ್ಚಾಯಿತು. ಸಂಜೆ ವಾಕಿಂಗಿಗೆಂದು ಹೋದವರು ತಡವಾಗಿ ಬರತೊಡಗಿದರು. ಬೀದಿಯೆಂದರೆ ಗೊತ್ತಲ್ಲ, ನಮಗಿಂತ ಮೊದಲು ಅದಕ್ಕೆ ಸುದ್ದಿ ಮುಟ್ಟಿರುತ್ತದೆ. ಅಪ್ಪ ಒಂದು ದಿನ ಮಹಡಿ ಹತ್ತಿ ಕೇಳಿಯೇಬಿಟ್ಟರು. ಅತ್ತೆ ಮುಚ್ಚಿಡಲಿಲ್ಲ. ಅಪ್ಪ ಕೆಳಗಿಳಿಯುತ್ತ ಹೇಳಿದ್ದು ಬೀದಿಗೆಲ್ಲ ಕೇಳಿಸಿತು: "ಈ ವಯಸ್ನಾಗೆ ಇಂಗೆಲ್ಲ ಆಡಿದ್ರೆ ಜನ ಏನಂತಾರೆ? ನನ್ನ ಗೇಟು ದಾಟಿ ಆ ಮನುಷ್ಯ ಒಳಿಕ್ಕೆ ಬರಂಗಿಲ್ಲ."

ಆ ರಾತ್ರಿಯೇ ಅತ್ತೆ ನನಗೆ ಫೋನ್ ಮಾಡಿದರು. ಆಗ ನನ್ನ ಸಂಸಾರ ಹೆಬ್ಬಾಳದಲ್ಲಿತ್ತು. ಅಳುತ್ತಾರೇನೋ ಎಂದು ಸಮಾಧಾನದ ಮಾತುಗಳನ್ನು ಹೊಂದಿಸಿಕೊಂಡು ಫೋನ್ ಎತ್ತಿದೆ. ಅತ್ತೆ ಕೇಳಿದ್ದು ಬೇರೆ. "ನಾಳಿದ್ದು ಪ್ರೇಮಿಗಳ ದಿನ ಅಂತಲ್ಲ? ಅವರನ್ನ ಊಟಕ್ಕೆ ಕರ್ದಿದೀನಿ. ನಾಳೆ ಬೆಳಿಗ್ಗೆ ಸಾಮಾನು ತರಕ್ಕೆ ಯಶವಂತಪುರಕ್ಕೆ ಹೋಗ್ಬೇಕು, ಬರ್ತೀಯಾ?"

ಅಡುಗೆಯಲ್ಲಿ ನನ್ನ ಯೋಗ್ಯತೆ ಏನೆಂದರೆ, ಹಾಲು ಉಕ್ಕದ ಹಾಗೆ ಕಾಯಲು ನಿಂತು, ಅದು ಉಕ್ಕಿದ ಮೇಲೆ ಎಚ್ಚರವಾಗುವವಳು ನಾನು. ಆದರೂ ಚೀಲ ಹಿಡಿಯಲು ಹೋದೆ. ಥಾಯ್ ಅಡುಗೆಯ ಸಾಮಾನು ಯಾವುದೋ ಹವಾನಿಯಂತ್ರಿತ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ ಎಂದುಕೊಂಡಿದ್ದೆ. ಅತ್ತೆ ನನ್ನನ್ನು ಕರೆದುಕೊಂಡು ಹೋದದ್ದು ನಾರು ಬೇರು ಮಾರುವ ಗ್ರಂಧಿಗೆ ಅಂಗಡಿಗೆ. ಅಲ್ಲಿ ಕೆಮ್ಮಿನ ಕಷಾಯಕ್ಕೆ ಹಾಕುವ ದುಂಪರಾಸ್ಮೆ ಸಿಕ್ಕಿತು. ಆ ದೇಶದಲ್ಲಿ ಶುಂಠಿಯ ಬದಲು ಅದನ್ನೇ ಜಜ್ಜಿ ಹಾಕುತ್ತಾರಂತೆ. ಪಕ್ಕದ ತರಕಾರಿ ಅಂಗಡಿಯಲ್ಲಿ ಬಟಾಣಿ ಗಾತ್ರದ ಸುಂಡೆಕಾಯಿ ಸಿಕ್ಕಿತು. ಅಲ್ಲಿಯ ನಿಂಬೆ ಎಲೆಯ ಬದಲಿಗೆ ಹೇರಳೆ ಎಲೆ. ಕೊನೆಗೆ ಹೂವಿನವಳ ಹತ್ತಿರ ಕಾಮಕಸ್ತೂರಿ.

"ಹಾರಕ್ಕೆ ಕಟ್ಟಕ್ಕಾ ಅಮ್ಮಾ? ಯಾವ ದೇವ್ರಿಗೆ?" ಎಂದಳು ಹೂವಿನವಳು.

"ದೇವ್ರಿಗಲ್ಲ, ಸಾರಿಗೆ" ಎಂದರು ಅತ್ತೆ. ಅವಳು ನಕ್ಕು ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದಳು.

ಮರುದಿನ ಮಧ್ಯಾಹ್ನದಿಂದ ಮಹಡಿಯಲ್ಲಿ ಒರಳಿನ ಸದ್ದು. ಹಸಿಮೆಣಸಿನಕಾಯಿ, ಮಜ್ಜಿಗೆ ಹುಲ್ಲಿನ ಬುಡ, ಬೆಳ್ಳುಳ್ಳಿ, ಕೊತ್ತಂಬರಿ ಬೇರು. ಮಿಕ್ಸಿ ಇದೆಯಲ್ಲ ಎಂದೆ. "ಕುಟ್ಟಿದ್ದೇ ಬೇರೆ" ಎಂದರು. ಬ್ಯಾಂಕಾಕಿನಿಂದ ಸೀರೆಯಲ್ಲಿ ಸುತ್ತಿ ತಂದ ಮೀನಿನ ರಸದ ಬಾಟಲಿಯ ಮುಚ್ಚಳ ತೆಗೆದಾಗ ನಾನು ಬಾಲ್ಕನಿಗೆ ಓಡಿದೆ. ಆದರೆ ಅದೇ ರಸ ಕಾಯಿಹಾಲಿನಲ್ಲಿ, ಕೋಳಿಯ ಜೊತೆ ಕುದಿಯತೊಡಗಿದಾಗ ನಾನೇ ಸೌಟು ಹಿಡಿದು ರುಚಿ ನೋಡುವ ನೆಪದಲ್ಲಿ ಮೂರು ಸಲ ತಿಂದೆ.

ಸಿಹಿಗೆ ಏಲಕ್ಕಿ ಬಾಳೆಹಣ್ಣನ್ನು ಸಕ್ಕರೆ, ಚಿಟಿಕೆ ಉಪ್ಪು ಹಾಕಿದ ಕಾಯಿಹಾಲಿನಲ್ಲಿ ಬೇಯಿಸಿದರು. ಅದರ ಹೆಸರಿನ ಅರ್ಥವನ್ನು ಕಾಲುವೆ ದಂಡೆಯ ಹೆಂಗಸು ಹೇಳಿಕೊಟ್ಟಿದ್ದಳಂತೆ: ಸನ್ಯಾಸಿನಿಯಾದ ಬಾಳೆಹಣ್ಣು. ಅಲ್ಲಿ ಸನ್ಯಾಸಿನಿಯರು ಬಿಳಿ ಉಡುತ್ತಾರೆ, ಹಣ್ಣು ಬಿಳಿ ಹಾಲಿನಲ್ಲಿ ಮುಳುಗಿರುತ್ತದೆ, ಅದಕ್ಕೆ ಆ ಹೆಸರು. ಹೇಳಿ ಮುಗಿಸಿ ಅತ್ತೆ ಒಂದು ಗಳಿಗೆ ಪಾತ್ರೆಯನ್ನೇ ನೋಡುತ್ತ ನಿಂತರು. ಆಮೇಲೆ, "ಹೋಗು, ಕಾಂಪೌಂಡ್ ಮೇಲಿರೋ ಶಂಖಪುಷ್ಪ ಕಿತ್ಕೊಂಡು ಬಾ" ಎಂದರು. ಹೂವನ್ನು ಬಿಸಿನೀರಿಗೆ ಹಾಕಿ ಹಿಂಡಿ, ಆ ನೀಲಿಯನ್ನು ಕಾಯಿಹಾಲಿಗೆ ಸುರಿದರು. ಬಿಳಿ ಹೋಗಿ ಮುಂಜಾವಿನ ಆಕಾಶದ ಬಣ್ಣ ಬಂತು.

ಐದು ಗಂಟೆಗೆ ಸೆಲ್ವರಾಜ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಅಪ್ಪ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೈಯಲಿಲ್ಲ, ಕೂಗಲಿಲ್ಲ, ಚಿಲಕದ ಮೇಲೆ ಕೈಯಿಟ್ಟು, "ಒಳಿಕ್ಕೆ ಬರಬ್ಯಾಡಿ" ಎಂದರು, ಅಷ್ಟೆ. ಸೆಲ್ವರಾಜ್ ವಾದ ಮಾಡುವವರಲ್ಲ. "ಆಯ್ತು ಸಾರ್, ಇಲ್ಲೇ ನಿಂತಿರ್ತೀನಿ" ಎಂದು ನಿಂತೇಬಿಟ್ಟರು. ಎದುರು ಮನೆಗಳ ಬಾಲ್ಕನಿಯಲ್ಲಿ ತಲೆಗಳು ಮೂಡಿದವು.

ನಾನು ಮೇಲೆ ಓಡಿ ಹೇಳಿದೆ. ಅತ್ತೆ ಒಲೆ ಆರಿಸಿ, ಕೈ ಒರೆಸಿಕೊಂಡರು. ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು, "ನೀನು ಅನ್ನ, ತಟ್ಟೆ ತಗೋ, ಸಿಹಿ ಆಮೇಲೆ ತರೋಣ" ಎಂದು ಮೆಟ್ಟಿಲಿಳಿದರು. ಗೇಟಿನ ಹತ್ತಿರ ಬಂದು ಅಣ್ಣನ ಮುಂದೆ ನಿಂತರು.

"ಅವರು ಒಳಗೆ ಬರ್ಬಾರ್ದು ಅಂದೆ. ಸರಿ, ಗೇಟು ನಿಂದು. ನಾನು ಹೊರಗೆ ಹೋಗ್ಬಾರ್ದು ಅಂತ ಅಂದಿಲ್ವಲ್ಲ? ಚಿಲಕ ತೆಗಿ."

ಅತ್ತೆಯ ಕೈಯಲ್ಲಿ ಹೊಗೆಯಾಡುವ ಪಾತ್ರೆ ಇತ್ತು, ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅಪ್ಪ ಚಿಲಕ ತೆಗೆದರು.

ಹೊರಗೆ ಬಂದ ಮೇಲೆ ಪಾತ್ರೆ ಎಲ್ಲಿಡುವುದು? ಹೊಂಗೆ ಮರದ ಕೆಳಗೆ ಮುನಿಯಮ್ಮನ ಇಸ್ತ್ರಿ ಗಾಡಿ ನಿಂತಿತ್ತು. ಅವಳು ಎಲ್ಲವನ್ನೂ ನೋಡುತ್ತಿದ್ದವಳು, ಯಾರೂ ಕೇಳದೆಯೇ ಮಡಿಸಿದ ಬಟ್ಟೆಗಳನ್ನು ಎತ್ತಿ ಬುಟ್ಟಿಗೆ ಹಾಕಿ, ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟಳು. "ಇಲ್ಲಿ ಮಡಗಿ ಗೌರಕ್ಕ. ದುಪ್ಪಟಿ ಬೆಚ್ಚಗೈತೆ, ಸಾರು ಆರಾಕಿಲ್ಲ" ಎಂದಳು.

ಹಾಗೆ, ಅಬ್ಬಿಗೆರೆಯ ಬೀದಿಯಲ್ಲಿ, ಇಸ್ತ್ರಿ ಗಾಡಿಯ ಮೇಲೆ, ಸ್ಕೂಟರುಗಳು ನಿಧಾನಿಸಿ ನೋಡಿಕೊಂಡು ಹೋಗುತ್ತಿರುವಾಗ ಗೌರತ್ತೆ ತಮ್ಮ ಗೆಳೆಯನಿಗೆ ಹಸಿರು ಸಾರು ಬಡಿಸಿದರು. ತಾವೂ ಬಡಿಸಿಕೊಂಡು ಎದುರಿಗೆ ನಿಂತು ತಿಂದರು. ನಾನು ಮೊದಮೊದಲು ತಲೆ ತಗ್ಗಿಸಿದ್ದೆ. ಆಮೇಲೆ ನೋಡಿದರೆ ಅವರಿಬ್ಬರೂ ತಲೆ ತಗ್ಗಿಸಿರಲಿಲ್ಲ, ನಾನೊಬ್ಬಳು ಯಾರ ಪರವಾಗಿ ನಾಚಬೇಕು?

ಸಿಹಿ ತಂದಾಗ ಸೆಲ್ವರಾಜ್ ನೀಲಿ ನೋಡಿ ಬೆರಗಾದರು. "ಅಲ್ಲಿ ಬೆಳ್ಳಗಿತ್ತಲ್ಲ?"

"ಸನ್ಯಾಸ ಬಿಡಿಸ್ದೆ" ಎಂದರು ಅತ್ತೆ.

ಗೇಟಿನೊಳಗಿಂದ ಅಪ್ಪ ಎದ್ದು ನಿಂತರು. "ನಾನ್ ನಿಂಗೆ ಬಿಳಿ ಉಡು ಅಂದಿದ್ನಾ ಗೌರಾ? ಒಂದ್ ದಿನ ಅಂದಿದ್ನಾ? ಯೋಳು!"

"ಅನ್ಲಿಲ್ಲ ಕಣಣ್ಣ. ಪ್ರತಿ ಹಬ್ಬಕ್ಕೂ ಬಣ್ಣದ್ದೇ ತಂದ್ಕೊಟ್ಟೆ. ಯಾವ ಬಣ್ಣ ಬೇಕು ಅಂತ ಮಾತ್ರ ಒಂದ್ ಸಲಾನೂ ಕೇಳ್ಲಿಲ್ಲ."

ಅತ್ತೆ ಸೆಲ್ವರಾಜರ ಕಡೆ ತಿರುಗಿದರು. "ಇದನ್ನ ಮನೇಲಿ ಕೂತು ಕೇಳೋಣ ಅಂದ್ಕೊಂಡಿದ್ದೆ. ಇಲ್ಲೇ ಕೇಳ್ತೀನಿ. ನನ್ನ ಮದ್ವೆ ಆಗ್ತೀರಾ?"

ಆ ಮನುಷ್ಯ ಚಮಚ ಕೆಳಗಿಟ್ಟು, ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, ಕಾರ್ಖಾನೆಯಲ್ಲಿ ಹೆಸರು ಕೂಗಿದಾಗ ನಿಲ್ಲುವವರಂತೆ ನೆಟ್ಟಗೆ ನಿಂತರು. "ಆಗ್ತೀನಿ ಗೌರಮ್ಮ. ಬಸ್ಸಲ್ಲಿ ಕೇಳಿದ್ರೂ ಇದೇ ಹೇಳ್ತಿದ್ದೆ."

ಮುನಿಯಮ್ಮ ಮೂಗು ಒರೆಸಿಕೊಂಡಳು. ಆಗ ನಾನು ನಿರೀಕ್ಷಿಸದೇ ಇದ್ದದ್ದು ನಡೆಯಿತು. ನಮ್ಮಮ್ಮ, ಅಪ್ಪನ ಮಾತಿಗೆ ಎದುರು ಮಾತನಾಡಿದ್ದನ್ನು ನಾನೆಂದೂ ಕೇಳದ ನಮ್ಮಮ್ಮ, ಒಳಗಿನಿಂದ ಒಂದು ಸ್ಟೀಲಿನ ಬಟ್ಟಲು ಹಿಡಿದು ಬಂದರು. ಅಪ್ಪನ ಕುರ್ಚಿಯ ಪಕ್ಕದಿಂದ ಹಾದು, ಗೇಟು ದಾಟಿ ಬೀದಿಗಿಳಿದರು. "ಗೌರಾ, ನಂಗೂ ಒಂಚೂರು ಆಕು" ಎಂದು ಬಟ್ಟಲು ಚಾಚಿದರು. ಗಂಡನಿಗೆ ಬಡಿಸುವ ಮೊದಲು ಅಮ್ಮ ತಿಂದದ್ದನ್ನು ನಾನು ನೋಡಿದ್ದು ಅವತ್ತೇ. ಅಲ್ಲೇ ನಿಂತು ಪೂರ್ತಿ ತಿಂದು, ಬಟ್ಟಲಿನ ತಳವನ್ನೂ ಬೆರಳಿನಿಂದ ಬಳಿದರು.

ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಅಪ್ಪ ಬರಲಿಲ್ಲ. ಸಾಕ್ಷಿಗೆ ನಾನು, ಅಮ್ಮ, ಮುನಿಯಮ್ಮ ಸಹಿ ಹಾಕಿದೆವು. ಅತ್ತೆ, ಸೆಲ್ವರಾಜ್ ಈಗ ಕೆಂಪಾಪುರದಲ್ಲಿದ್ದಾರೆ. ಏರ್‌ಪೋರ್ಟ್ ರಸ್ತೆಯ ಸದ್ದು ಸದಾ ಕೇಳುವ ಸಣ್ಣ ಮನೆ. ಇಬ್ಬರೂ ಅಡುಗೆಗೆ ಜಗಳ ಆಡುತ್ತಾರೆ, ಸೇರಿ ಉಣ್ಣುತ್ತಾರೆ. ಅಪ್ಪ ಆ ಮನೆಗೆ ಇವತ್ತಿಗೂ ಕಾಲಿಟ್ಟಿಲ್ಲ. ಅತ್ತೆ ಆಗಾಗ ಒಂದು ಡಬ್ಬಿ ಕಳಿಸುತ್ತಾರೆ. ಡಬ್ಬಿ ಖಾಲಿಯಾಗಿ, ತೊಳೆದು ಹಿಂದಿರುಗುತ್ತದೆ. ಯಾರು ತಿಂದರೆಂದು ಅಮ್ಮ ಹೇಳಿಲ್ಲ, ಅತ್ತೆ ಕೇಳಿಲ್ಲ.

ನನ್ನ ಮದುವೆ ಮುರಿದು ಕೆಲವು ವರ್ಷವಾಯಿತು. ಅದರ ಕಥೆ ಬೇರೆ, ಅದರಲ್ಲಿ ರುಚಿಯೂ ಇಲ್ಲ. ಒಬ್ಬಳೇ ಯಲಹಂಕಕ್ಕೆ ಬಂದು ಮನೆ ಮಾಡಿದಾಗಿನಿಂದ ಅಪ್ಪ ಹೇಳುತ್ತಲೇ ಇದ್ದಾರೆ, "ಒಬ್ಬಳೇ ಯಾಕಿರ್ತೀಯಾ? ಮ್ಯಾಲಿನ ಮನೆ ಖಾಲಿ ಐತೆ, ಬಂದ್ಬಿಡು. ನಾನ್ ನೋಡ್ಕೊಂತೀನಿ." ಪ್ರೀತಿಯಿಂದಲೇ ಹೇಳುತ್ತಾರೆ. ಇಷ್ಟು ದಿನ "ನೋಡೋಣ ಅಪ್ಪ" ಎಂದು ಜಾರಿಕೊಳ್ಳುತ್ತಿದ್ದೆ. ಇವತ್ತು ಬೆಳಿಗ್ಗೆ ಮನೆಗೆ ಬಂದವಳೇ ಫೋನ್ ಮಾಡಿ, "ನಾನು ಬರಲ್ಲಪ್ಪ. ಬಾಡಿಗೆಗೆ ಕೊಟ್ಬಿಡಿ" ಎಂದೆ. ನೆಪ ಯಾವುದನ್ನೂ ಹೇಳಲು ಹೋಗಲಿಲ್ಲ.

ಆಮೇಲೆ ಗೌರತ್ತೆಗೆ ಫೋನ್ ಮಾಡಿದೆ. ಎಷ್ಟು ಮೆಣಸಿನಕಾಯಿಗೆ ಎಷ್ಟು ಕಾಯಿಹಾಲು ಎಂದು ಕೇಳಿದೆ.

"ನೀನಾ? ಅಡುಗೆನಾ?" ಅತ್ತೆ ನಕ್ಕರು. ತಕ್ಷಣ ನಗು ನಿಲ್ಲಿಸಿ, "ಯಾರಿಗೆ?" ಎಂದರು.

ಹೆಸರು ಹೇಳಿದೆ. ಇಷ್ಟು ದಿನ ಮನಸ್ಸಿನೊಳಗೇ ಇಟ್ಟುಕೊಂಡಿದ್ದ ಹೆಸರು, ಮೊದಲ ಸಲ ಬಾಯಿಬಿಟ್ಟು, ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಯಾರು, ಯಾವ ಊರು, ಯಾವ ಜನ ಎಂದು ಅತ್ತೆ ಕೇಳಲಿಲ್ಲ.

"ಖಾರ ತಿಂತಾರಾ?"

"ಗೊತ್ತಿಲ್ಲ ಅತ್ತೆ" ಎಂದೆ. "ಸಂಜೆ ಬರ್ತಾರೆ, ಕೇಳ್ತೀನಿ."