ಅಕ್ಕನ ಬಟನ್ ಫೋನು

ನಮ್ಮಕ್ಕನ ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲು ಪಕ್ಕಕ್ಕೆ ಬಂದು ನಿಂತವರು ಕಾಣದಾದರು, ಆಮೇಲೆ ಒಲೆ ಮೇಲಿನ ಹಾಲು ಉಕ್ಕಿದ್ದು ಕಾಣದಾಯಿತು. ದಾವಣಗೆರೆಗೆ ಕರೆತಂದು ತೋರಿಸುವ ಹೊತ್ತಿಗೆ ಕಣ್ಣೊಳಗಿನ ಒತ್ತಡ ಏರಿ ನರವೇ ಸೊರಗಿಹೋಗಿತ್ತು. ಉಳಿದಿರುವ ಚೂರು ಬೆಳಕನ್ನು ಹನಿ ಹಾಕಿಕೊಂಡು ಕಾಪಾಡಿಕೊಳ್ಳಿ, ಹೋದದ್ದು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಅಕ್ಕ ಅಳಲಿಲ್ಲ. “ಹನಿ ಊಟಕ್ಕಿಂತ ಮೊದಲು ಹಾಕ್ಬೇಕೋ, ಆಮೇಲೋ?” ಎಂದಷ್ಟೇ ಕೇಳಿ ಎದ್ದಳು.

ಅಕ್ಕ ಇರುವುದು ಕೊಕ್ಕನೂರಿನಲ್ಲಿ, ಮಗ-ಸೊಸೆ ಜೊತೆ. ನಾನಿರುವುದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ. ಮನೆ ಮುಂದೆ ಶೀಟು ಇಳಿಸಿ, ಅದರ ಕೆಳಗೆ ಹಂಚಿಟ್ಟು, ಜೋಳದ ರೊಟ್ಟಿ ಬಡಿದು ಮನೆಗಳಿಗೂ ಕಾರ್ಯಗಳಿಗೂ ಕೊಡುವುದು ನನ್ನ ಕೆಲಸ. ಯಜಮಾನರು ತೀರಿಕೊಂಡ ಮೇಲೆ ಹಿಡಿದದ್ದು. ಈಗ ನನ್ನ ಜೊತೆ ಇನ್ನಿಬ್ಬರು ಹೆಣ್ಣುಮಕ್ಕಳು ಬಡಿಯುತ್ತಾರೆ. ನನ್ನ ಕೈಯ ಕಡಕ್ ರೊಟ್ಟಿ ಮುರಿದರೆ ಎರಡು ಮನೆ ಆಚೆಗೆ ಸಪ್ಪಳ ಕೇಳುತ್ತದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕಣ್ಣು ಹೋದ ಮೇಲೆ ಅಕ್ಕನ ಜೊತೆ ಮಾತೇ ನಿಂತುಹೋಯಿತು. ಅವಳಿಗೆ ಫೋನ್ ಮಾಡಬೇಕೆಂದರೆ ಅವಳ ಮಗನ ಫೋನಿಗೇ ಮಾಡಬೇಕು. ಅವನು ಗದ್ದೆಯಲ್ಲಿರುತ್ತಾನೆ. “ಅವ್ವ ಮನಿಯಾಗದಾಳೆ ಚಿಗವ್ವ, ಸಂಜಿಗೆ ಮಾಡಿಸ್ತೀನಿ” ಎನ್ನುತ್ತಾನೆ. ಸಂಜೆ ಅವನಿಗೆ ಮರೆಯುತ್ತದೆ, ಇಲ್ಲವೇ ನನ್ನ ಕೈ ಹಿಟ್ಟಿನಲ್ಲಿರುತ್ತದೆ. ಒಳ್ಳೆಯ ಹುಡುಗ, ತಾಯಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಆದರೆ ಒಮ್ಮೆ ನಾನು ಊರಿಗೆ ಹೋದಾಗ ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಹೇಳಿದಳು: “ನನ್ನನ್ನ ಎಲ್ಲಾರೂ ನೋಡ್ಕಂತಾರೆ. ಮಾತಾಡ್ಸೋರು ಯಾರೂ ಇಲ್ಲ.”

ಅವಳಿಗೊಂದು ಫೋನ್ ಬೇಕು ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ಮಗ ನಕ್ಕ. “ಕಣ್ಣೇ ಕಾಣಲ್ಲ, ಫೋನ್ ತಗಂಡು ಏನ್ ಮಾಡ್ತಾಳೆ ಚಿಗವ್ವ? ನನ್ನ ಫೋನ್ ಐತಲ್ಲ.”

“ನಿನ್ನ ಫೋನ್ ನಿನ್ನ ಜೇಬಿನಾಗೆ ಐತಪ್ಪ” ಎಂದೆ. “ಅವಳ ಮಡಿಲಾಗೆ ಇಲ್ಲ.”

ಮುಂದಿನ ವಾರ ಕಣ್ಣು ತೋರಿಸಲು ಅವಳನ್ನು ದಾವಣಗೆರೆಗೆ ಕರೆಸಿಕೊಂಡಾಗ, ಆಸ್ಪತ್ರೆಯಿಂದ ಸೀದಾ ಮೊಬೈಲ್ ಅಂಗಡಿಗೆ ಕರೆದೊಯ್ದೆ. ಅಂಗಡಿಯವರು ನಮ್ಮಿಬ್ಬರನ್ನು ನೋಡಿದ್ದೇ, ದೊಡ್ಡ ಪರದೆಯ ಟಚ್ ಫೋನು ತೆಗೆದಿಟ್ಟರು. “ಅಕ್ಷರ ದೊಡ್ಡದಾಗಿ ಕಾಣ್ತಾವಮ್ಮ” ಎಂದರು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬೆರಳಾಡಿಸಿದಳು. “ಇದು ಕನ್ನಡಿ ಇದ್ದಂಗೈತೆ. ಇದರಾಗೆ ಹಿಡಿಯೋಕೆ ಏನೂ ಇಲ್ಲ. ಗುಂಡಿ ಇರೋದು ಕೊಡಪ್ಪ” ಎಂದು ವಾಪಸ್ ಇಟ್ಟಳು.

ಬಟನ್ ಸೆಟ್ಟುಗಳನ್ನು ಸಾಲಾಗಿ ಇಟ್ಟರು. ನಾನು ಬಣ್ಣ ನೋಡುತ್ತಿದ್ದೆ. ಅಕ್ಕ ಒಂದೊಂದನ್ನೇ ಎತ್ತಿ ಹೆಬ್ಬೆರಳಲ್ಲಿ ಗುಂಡಿ ಒತ್ತಿ ನೋಡಿದಳು. ಒಂದರ ಗುಂಡಿಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ ಎಂದು ಬದಿಗಿಟ್ಟಳು. ಇನ್ನೊಂದು ಒತ್ತಿದ್ದೇ ಗೊತ್ತಾಗುವುದಿಲ್ಲ ಎಂದಳು. ಮೂರನೆಯದು ಒತ್ತಿದ ಕೂಡಲೇ ಆ ಅಂಕಿಯನ್ನು ಜೋರಾಗಿ ಇಂಗ್ಲಿಷಿನಲ್ಲಿ ಹೇಳಿತು. ಇದೇ ಸರಿ ಎಂದು ಅಂಗಡಿಯವರಿಗೂ ನನಗೂ ಒಟ್ಟಿಗೇ ಅನಿಸಿತು. ಅಕ್ಕನ ಮುಖ ಗಂಟಿಕ್ಕಿತು. “ನಾನು ಯಾರಿಗೆ ಮಾಡ್ತೀನಿ ಅನ್ನೋದನ್ನ ಇದು ಕೇರಿಗೆಲ್ಲ ಯಾಕ ಹೇಳ್ಬೇಕು? ಬ್ಯಾಡ.”

ಕಡೆಗೆ ಅವಳ ಕೈ ಒಂದು ಕಪ್ಪು ಸೆಟ್ಟಿನ ಮೇಲೆ ನಿಂತಿತು. ಗುಂಡಿಗಳು ಹುಣಸೆಬೀಜದಂತೆ ಉಬ್ಬಿದ್ದವು, ನಡುವೆ ಒಳ್ಳೆಯ ಅಂತರವಿತ್ತು. “ಇಲ್ಲೊಂದು ಚುಕ್ಕಿ ಐತೆ, ಏನದು?” ಎಂದಳು. ನಾನು ಬಗ್ಗಿ ನೋಡಿದೆ. ಐದರ ಗುಂಡಿಯ ಮೇಲೆ ಸಾಸಿವೆಯಷ್ಟು ಉಬ್ಬು. ಇಷ್ಟು ವರ್ಷ ಫೋನ್ ಹಿಡಿದ ನನಗೆ ಅದು ಗೊತ್ತೇ ಇರಲಿಲ್ಲ. ಅಕ್ಕ ಆ ಚುಕ್ಕಿಯ ಮೇಲೆ ಬೆರಳಿಟ್ಟು, ಮೇಲೆ ಎರಡು, ಕೆಳಗೆ ಎಂಟು, ಆ ಕಡೆ ನಾಲ್ಕು, ಈ ಕಡೆ ಆರು ಎಂದು ನನ್ನಿಂದ ಹೇಳಿಸಿಕೊಂಡಳು. ಚಾರ್ಜರಿನ ಪಿನ್ನು ಹೇಗೆ ತಿರುಗಿಸಿ ಚುಚ್ಚಿದರೂ ಹೋಗುತ್ತದೆಯೇ ಎಂದು ಎರಡು ಸಲ ಚುಚ್ಚಿ ನೋಡಿದಳು. ಹೋಯಿತು.

“ಇದಕ್ಕೆ ಟಾರ್ಚೂ ಐತಮ್ಮ” ಎಂದರು ಅಂಗಡಿಯವರು, ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡರು.

“ಇರ್ಲಿ ಬಿಡಪ್ಪ” ಎಂದು ಅಕ್ಕ ನಕ್ಕಳು. “ಕತ್ತಲಾಗೆ ಎದುರಿಗೆ ಬರೋರಿಗೆ ನಾನಾದ್ರೂ ಕಾಣ್ಬೇಕಲ್ಲ.”

ಕೊಕ್ಕನೂರಿನಲ್ಲಿ ಅವರ ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆಂದು ಮೊದಲೇ ಅವಳ ಸೊಸೆಯನ್ನು ಕೇಳಿಟ್ಟುಕೊಂಡಿದ್ದೆ. ಸಿಮ್ಮಿಗಾಗಿ ಬೆರಳು ಒತ್ತಿಸಿದಾಗ ಮಾತ್ರ ಮೆಷಿನ್ನು ಒಪ್ಪಲಿಲ್ಲ. ಅವಳದು ಗದ್ದೆಯಲ್ಲಿ ಕಳೆ ಕಿತ್ತು ಸವೆದ ಬೆರಳು. ಸೆರಗಿನಲ್ಲಿ ಒರೆಸಿ, ಹೆಬ್ಬೆಟ್ಟು ಬಿಟ್ಟು ಉಂಗುರದ ಬೆರಳು ಇಟ್ಟ ಮೇಲೆ ಹಸಿರು ದೀಪ ಹತ್ತಿತು. ರೀಚಾರ್ಜಿನ ಚಿಂತೆ ಅವಳಿಗೆ ಬೇಡವೆಂದು, ನೆಟ್ಟಿಲ್ಲದ, ಬರೀ ಮಾತಿನ, ಹೆಚ್ಚು ದಿನ ಬಾಳುವ ಪ್ಯಾಕು ಹಾಕಿಸಿದೆ. ಮುಗಿಯುವ ಮೊದಲು ನಾನೇ ಇಲ್ಲಿಂದ ಹಾಕಿಸುವುದೆಂದು ಮಾತಾಯಿತು. ಎರಡು ಒತ್ತಿ ಹಿಡಿದರೆ ನಾನು, ಮೂರು ಒತ್ತಿ ಹಿಡಿದರೆ ಮಗ. ಹಸಿರು ಗುಂಡಿ ಎಡಕ್ಕೆ, ಕೆಂಪು ಬಲಕ್ಕೆ.

ಅಂದು ಅವಳನ್ನು ಹರಿಹರದವರೆಗೆ ನಾನೇ ಕರೆದೊಯ್ದು, ಕಾಯುತ್ತಿದ್ದ ಮಗನ ಬೈಕಿಗೆ ಹತ್ತಿಸಿದೆ. ತಿರುಗಿ ದಾವಣಗೆರೆ ಬಸ್ಸಿನಲ್ಲಿ ಕೂತು ಟಿಕೆಟ್ ತಗೊಳ್ಳುವಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. “ತಂಗೀ, ನಾನು. ಗಾಡಿ ಮ್ಯಾಲಿದೀವಿ. ಸುಮ್ನೆ ನೋಡಿದೆ, ಹೋಗುತ್ತೋ ಇಲ್ಲೋ ಅಂತ.” ಗಾಳಿ ಬುರ್ರೆನ್ನುತ್ತಿತ್ತು. ಗಾಡಿ ಓಡಿಸುತ್ತಲೇ ಮಗ ಬೈಯುವುದೂ ಕೇಳಿಸಿತು. ಅವಳ ದನಿಯಲ್ಲಿ ಹಳೆಯ ಜೋರು ಬಂದಿತ್ತು. ನನಗೆ ಕಣ್ಣು ತುಂಬಿ ಬಂತು, ಕಿಟಕಿ ಕಡೆ ತಿರುಗಿಕೊಂಡೆ.

ಆಮೇಲೆ ದಿನಾ ಮಾತು. ನಾನು ಫೋನನ್ನು ಸ್ಪೀಕರಿಗಿಟ್ಟು ರೊಟ್ಟಿ ಬಡಿಯುತ್ತಿದ್ದೆ. ಅವಳು ಅಲ್ಲಿಂದಲೇ ಸಪ್ಪಳ ಕೇಳಿ “ಹಿಟ್ಟು ಇವತ್ತು ಜಿಗುಟಿಲ್ಲ, ಬಿಸಿನೀರು ಕಡಿಮೆ ಹಾಕೀಯ” ಎನ್ನುತ್ತಿದ್ದಳು. ಆದರೆ ಮಾತಿನ ನಡುವೆ ಗಿರಾಕಿಗಳ ಫೋನ್ ಬರುತ್ತಿದ್ದವು. ಹಿಟ್ಟಿನ ಕೈಯಲ್ಲಿ ಎತ್ತಲು ಆಗುತ್ತಿರಲಿಲ್ಲ. ಎತ್ತಿದರೆ ಹಂಚಿನ ಮೇಲೆ ಒಂದು ರೊಟ್ಟಿ ಸೀಯುತ್ತಿತ್ತು. ಎಷ್ಟೋ ಜನ ಬೇಸತ್ತು ಬೇರೆ ಕಡೆ ಹೋದರು. ಒಂದು ದಿನ ಹಾಗೇ ಒಂದು ಆರ್ಡರ್ ತಪ್ಪಿಹೋದದ್ದನ್ನು ಗೊಣಗಿಕೊಂಡೆ.

“ನನ್ನ ನಂಬರ್ ಕೊಡು ಅವರಿಗೆ” ಎಂದಳು ಅಕ್ಕ.

“ನೀನು ಹೆಂಗೆ ಬರ್ಕೊಂತೀಯ?”

“ಬರ್ಕೊಳ್ಳೋದು ಯಾಕ? ನಮ್ಮವ್ವ ಮದುವಿ ಮನಿ ಮುಯ್ಯಿ ಎಲ್ಲಾ ತಲಿಯಾಗೆ ಇಟ್ಕೊಂಡಿರ್ಲಿಲ್ವಾ? ಸಂಜಿಗೆ ನಿನಗೆ ಒಪ್ಪಿಸ್ತೀನಿ, ನೀನು ಬರ್ಕೋ.”

ಕೊಟ್ಟೇಬಿಟ್ಟೆ. ಹಿಂದೆ ಮುಂದೆ ನೋಡಲಿಲ್ಲ. ಅವಳ ತಲೆಯ ಮೇಲೆ ನನಗೆ ಪೂರಾ ನಂಬಿಕೆಯಿತ್ತು.

ಸಿಟ್ಟಾದವನು ಮಗ. ಹರಿಹರಕ್ಕೆ ಗೊಬ್ಬರ ತರಲು ಬಂದವನು ದಾವಣಗೆರೆಗೇ ಬಂದು ನನ್ನ ಹಂಚಿನ ಮುಂದೆ ನಿಂತ. “ಕಣ್ಣಿಲ್ಲದ ತಾಯಿಯನ್ನ ದುಡಿಯೋಕೆ ಹಚ್ಚಿದಾನೆ ಅಂತಾರೆ ಚಿಗವ್ವ ಜನ. ನಾನು ತಲಿ ಎತ್ತಿ ಓಡಾಡೋದು ಬ್ಯಾಡವಾ?”

ಅವನ ನೋವು ಸುಳ್ಳಲ್ಲ. ನಾನು ಅವನಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಕಿಕೊಟ್ಟು, “ನನ್ನನ್ನ ಕೇಳಬ್ಯಾಡ, ಅವಳನ್ನೇ ಕೇಳು” ಎಂದು ಫೋನ್ ಹಚ್ಚಿ ಕೊಟ್ಟೆ. ಸ್ಪೀಕರಿನಲ್ಲಿ ಅಕ್ಕ ಅಂದಳು: “ಜನ ಬಂದು ನನ್ನ ಕೂಡ ಹಗಲೆಲ್ಲ ಕೂಡ್ತಾರೇನೋ ಮಗನೇ? ಈ ಫೋನ್ ಬಂದ ಮ್ಯಾಲೆ ನನಗೆ ಹೊತ್ತು ಮುಳುಗಿದ್ದೇ ಗೊತ್ತಾಗ್ತಿಲ್ಲ. ನಿನಗೆ ಅವಮಾನ ಅನ್ಸಿದ್ರೆ ಬಿಡ್ತೀನಿ. ಹೇಳು.” ಅವನು ರೊಟ್ಟಿಯ ಚೂರು ಮುರಿದು ಚಟ್ನಿಪುಡಿಗೆ ಒತ್ತಿದ. “ಬಿಡಬ್ಯಾಡ ತಗ” ಎಂದ.

ಅದಾದ ಸ್ವಲ್ಪ ದಿನಕ್ಕೆ ನಿಜಲಿಂಗಪ್ಪ ಬಡಾವಣೆಯ ಹಳೆಯ ಗಿರಾಕಿಯೊಬ್ಬರ ಮನೆಯಿಂದ ಗೃಹಪ್ರವೇಶಕ್ಕೆ ರೊಟ್ಟಿ ಬೇಕೆಂದು ಅಕ್ಕನಿಗೆ ಫೋನ್ ಬಂತು. ಮನೆಯೊಡತಿ ಅವಸರದಲ್ಲಿದ್ದರು. “ಬರೋ ಗುರುವಾರಕ್ಕೆ” ಎಂದು ಹೇಳಿ ಇಟ್ಟೇಬಿಟ್ಟರು. ಅಕ್ಕ ಸಂಜೆ ನನಗೆ ಒಪ್ಪಿಸುವಾಗ ಅಲ್ಲಿಗೆ ನಿಂತಳು. “ಏ, ಬರೋ ಗುರುವಾರ ಅಮಾಸಿ. ಅಮಾಸಿ ದಿನ ಯಾರು ಹೊಸ ಮನಿ ಹೊಕ್ತಾರೆ? ಅವರಿಗೆ ಫೋನ್ ಮಾಡಿ ಕೇಳು.” ಕೇಳಿದೆ. ಅವರು ಹೌಹಾರಿದರು. ಅವರ ಮನಸ್ಸಿನಲ್ಲಿದ್ದದ್ದು ಅದರ ಮುಂದಿನ ಗುರುವಾರ. ನಾವು ಅಮಾಸೆ ದಿನ ಬುಟ್ಟಿಗಟ್ಟಲೆ ರೊಟ್ಟಿ ಹೊತ್ತು ಹೋಗಿದ್ದರೆ ಬೀಗ ಹಾಕಿದ ಮನೆ ಮುಂದೆ ನಿಲ್ಲಬೇಕಿತ್ತು, ಅವರ ಕಾರ್ಯದ ದಿನ ಎಲೆಗೆ ರೊಟ್ಟಿ ಇರುತ್ತಿರಲಿಲ್ಲ.

ಆ ಮನೆಯೊಡತಿ ಅಷ್ಟಕ್ಕೇ ಬಿಡಲಿಲ್ಲ. ಅಕ್ಕನಿಗೇ ಫೋನ್ ಮಾಡಿ, “ನೀವೇ ಬರ್ಬೇಕ್ರಿ ಕಾರ್ಯಕ್ಕೆ, ರೊಟ್ಟಿ ಜೊತಿಗಲ್ಲ, ಊಟಕ್ಕೆ” ಎಂದು ಕರೆದರು. ಮಗನೇ ಅವಳನ್ನು ಕರೆತಂದ. ಇಳಕಲ್ ಸೀರೆ ಉಟ್ಟು, ಅವನ ತೋಳು ಹಿಡಿದು ಅಕ್ಕ ಆ ಹೊಸ ಮನೆಯ ಹೊಸ್ತಿಲು ದಾಟಿದಳು. ಬಾಗಿಲಲ್ಲಿ ಯಾರೋ “ಬರ್ರಿ, ಕೂಡ್ರಿ” ಎಂದದ್ದೇ ತಡ, “ಓ, ನೀವು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕೇಳೋರಲ್ಲವಾ?” ಎಂದಳು. ಅಲ್ಲಿ ನಮ್ಮ ಗಿರಾಕಿಗಳು ಹಲವರಿದ್ದರು. ಒಬ್ಬೊಬ್ಬರೇ ಬಂದು ಅವಳ ಪಕ್ಕ ಕೂತು ಮಾತಾಡಿಸಿದರು. ಒಬ್ಬರ ಮಗಳ ಬಾಣಂತನ, ಇನ್ನೊಬ್ಬರ ಅತ್ತೆಯ ಮೊಣಕಾಲು ನೋವು, ಎಲ್ಲ ಅವಳಿಗೆ ಗೊತ್ತು. ರೊಟ್ಟಿ ಹೇಳಲು ಫೋನ್ ಮಾಡಿದವರು ಇಷ್ಟೆಲ್ಲ ಹೇಳಿಕೊಳ್ಳುತ್ತಿದ್ದರೆಂದು ನನಗೆ ಅಂದೇ ತಿಳಿದದ್ದು. ಮಗ ಗೋಡೆಗೆ ಒರಗಿ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ತಾಯಿಯನ್ನು ನೋಡುತ್ತಿದ್ದ. ಊಟಕ್ಕೆ ಕೂತಾಗ ಯಾರೋ ಅವನನ್ನು “ನೀವ್ಯಾರ್ರಿ?” ಎಂದು ಕೇಳಿದರು. “ನಾನು ಅವರ ಮಗ” ಎಂದ. ಆ ಮಾತು ಹೇಳುವಾಗ ಅವನ ಎದೆ ತುಸು ಮುಂದೆ ಬಂದದ್ದನ್ನು ನಾನು ಕಂಡೆ.

ಈಗ ನಮ್ಮ ರೊಟ್ಟಿಯ ಡಬ್ಬದ ಮೇಲೆ ಇರುವುದು ಅಕ್ಕನ ನಂಬರೇ. ಹಬ್ಬ ಬಂತೆಂದರೆ ನನಗೇ ಅವಳ ಲೈನ್ ಸಿಗುವುದಿಲ್ಲ. ನಿನ್ನೆ ಬೆಳಿಗ್ಗೆ ಹನಿ ಹಾಕಿಕೊಂಡೆಯಾ ಎಂದು ಕೇಳಲು ಮಾಡಿದರೆ, “ಹಾಕ್ಕೊಂಡೆ, ಹಾಕ್ಕೊಂಡೆ. ಇಡು ತಂಗೀ, ಇನ್ಯಾರೋ ಮಾಡ್ತಿದಾರೆ” ಎಂದು ಕೆಂಪು ಗುಂಡಿ ಒತ್ತಿದಳು. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ.